ಅನಿರೀಕ್ಷಿತ ಭೇಟಿಯಿಂದ ಕೆಲಸ, ಮದುವೆ: ಅದೃಷ್ಟದ ಪಾಲೆಷ್ಟು, ಆಮೇಲಿನ ಓಡಾಟದ ಪಾಲೆಷ್ಟು?

ಬೆಣ್ಣೆದೋಸೆ:
ಎಲ್ಲರಿಗೂ ನಮಸ್ಕಾರ. ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ಮುಂದೆ ದಿನ ಕಳೆಯೋ ಹುಡುಗ ಹುಡುಗಿಯರು ಈಗ ಎಷ್ಟೋ ಜನ. ವಾರಪೂರ್ತಿ ಹೊಸ ಮುಖ ಅಂದ್ರೆ ಪಾರ್ಸೆಲ್ ತಂದುಕೊಟ್ಟವರದ್ದು ಮಾತ್ರ. ಇಂಥವರಿಗೆ ಬೇರೆ ಕೆಲಸದ ಸುದ್ದಿ ಎಲ್ಲಿಂದ ಬರಬೇಕು, ಮನಸ್ಸಿಗೆ ಹಿಡಿಸೋ ಸಂಗಾತಿ ಎಲ್ಲಿ ಸಿಗಬೇಕು?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಹೆಸರು ಮಾಡಿದವರ ಬದುಕು ನೋಡಿದ್ರೆ ಎಲ್ಲೋ ಒಂದು ಕಡೆ ಯಾರೂ ಎಣಿಸದ ಭೇಟಿ ಇರುತ್ತೆ. ನಾರಾಯಣ ಮೂರ್ತಿಯವರು 1968ರಲ್ಲಿ ಕಾನ್ಪುರ ಐಐಟಿಯಲ್ಲಿ ಒಂದು ಭಾನುವಾರ ಬೆಳಗಿನ ತಿಂಡಿ ಹೊತ್ತಿಗೆ ಅಮೆರಿಕದಿಂದ ಬಂದಿದ್ದ ಕಂಪ್ಯೂಟರ್ ವಿಜ್ಞಾನಿಯೊಬ್ಬರಿಗೆ ಸಿಕ್ಕರು, ಓದೋ ವಿಷಯವೇ ಬದಲಾಯ್ತು. ಸುಧಾ ಕುಲಕರ್ಣಿಯವರು 1974ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಒಂದು ನೋಟಿಸ್ ಬೋರ್ಡ್ ನೋಡಿದ್ರು. ಅದರಿಂದ ಪುಣೆ, ಪುಣೆಯಿಂದ ಮದುವೆ.

ಇದನ್ನ ಬರೀ ಅದೃಷ್ಟ ಅಂತ ಬಿಡೋದಾ? ಅಥವಾ ಇಂಥ ಭೇಟಿಗಳು ಹೆಚ್ಚಾಗೋ ಹಾಗೆ, ಆದ ಮೇಲೆ ಕೈತಪ್ಪದ ಹಾಗೆ ಏನಾದ್ರೂ ಮಾಡಬಹುದಾ? ವಿಷಯ ಗೊತ್ತಿರೋರು ವಿವರವಾಗಿ ಬರೀರಿ.

ಅರಳೀಕಟ್ಟೆ:
ಋಣಾನುಬಂಧ. ಕೂಡಿ ಬರೋ ಹೊತ್ತಿಗೆ ಕೂಡಿ ಬರುತ್ತೆ. ಇದಕ್ಕೆ ಲೆಕ್ಕ ಹಾಕೋಕೆ ಹೋಗಬೇಡಿ.

ಅಂಕಿಸಂಖ್ಯೆ:
ಲೆಕ್ಕ ಹಾಕಿದವರಿದ್ದಾರೆ, ಚೆನ್ನಾಗಿಯೇ ಹಾಕಿದ್ದಾರೆ.

ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅಮೆರಿಕದ ಬಾಸ್ಟನ್ ಪಕ್ಕದ ನ್ಯೂಟನ್ ಊರಲ್ಲಿ ಹೊಸದಾಗಿ ಕೆಲಸ ಬದಲಿಸಿದವರನ್ನ ವಿಚಾರಿಸಿ 1973ರಲ್ಲಿ ಫಲಿತಾಂಶ ಬರೆದರು. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನ ಅವರು ಕೇಳಿದ ಪ್ರಶ್ನೆ ಒಂದೇ: ಸುದ್ದಿ ಕೊಟ್ಟ ವ್ಯಕ್ತಿಯನ್ನ ಆಗ ಎಷ್ಟು ಸಲ ಭೇಟಿ ಆಗ್ತಿದ್ರಿ? ವಾರಕ್ಕೆ ಎರಡು ಸಲಕ್ಕೆ ಕಡಿಮೆ ಇಲ್ಲ ಅಂದವರು ಶೇ. 16.7. ವರ್ಷಕ್ಕೆ ಒಂದಕ್ಕಿಂತ ಹೆಚ್ಚು, ಆದ್ರೆ ವಾರಕ್ಕೆ ಎರಡಕ್ಕಿಂತ ಕಡಿಮೆ ಅಂದವರು ಶೇ. 55.6. ವರ್ಷಕ್ಕೆ ಒಂದು ಸಲವೋ ಅದಕ್ಕೂ ಕಡಿಮೆಯೋ ಅಂದವರು ಶೇ. 27.8. ಅಂದ್ರೆ ದಿನಾ ಜೊತೆಗಿರೋ ಗೆಳೆಯರಿಗಿಂತ ಅಪರೂಪಕ್ಕೆ ಸಿಗೋರಿಂದಲೇ ಹೆಚ್ಚು ಜನಕ್ಕೆ ದಾರಿ ಸಿಕ್ಕಿದೆ.

ಕಾರಣ ಸರಳ. ಹತ್ತಿರದ ಗೆಳೆಯರಿಗೆ ಗೊತ್ತಿರೋ ಸುದ್ದಿಯೆಲ್ಲ ನಿಮಗೂ ಗೊತ್ತಿರುತ್ತೆ, ಯಾಕಂದ್ರೆ ಇಬ್ಬರೂ ಓಡಾಡೋದು ಒಂದೇ ಬಳಗದಲ್ಲಿ. ದೂರದ ಪರಿಚಯದವರು ಬೇರೆ ಬಳಗದವರು. ಅಲ್ಲಿನ ಮಾತು ಈಚೆ ಬರೋಕೆ ಅವರೇ ಕಾಲುಸಂಕ.

ಅರಳೀಕಟ್ಟೆ:
ಎಷ್ಟು ಜನರನ್ನ ಕೇಳಿದ್ರು?

ಅಂಕಿಸಂಖ್ಯೆ:
ಆ ಶೇಕಡಾ ಲೆಕ್ಕ 54 ಜನರದ್ದು. ಚಿಕ್ಕದು ಅನ್ನೋ ಆಕ್ಷೇಪ ಸರಿ. ಅದಕ್ಕೇ 2022ರಲ್ಲಿ ಬಂದ ಅಧ್ಯಯನ ಮುಖ್ಯ. ಲಿಂಕ್ಡ್‌ಇನ್‌ನಲ್ಲಿ "ಇವರು ನಿಮಗೆ ಗೊತ್ತಿರಬಹುದು" ಅಂತ ತೋರಿಸೋ ಪಟ್ಟಿಯನ್ನೇ ಬೇರೆ ಬೇರೆ ಜನಕ್ಕೆ ಬೇರೆ ಬೇರೆ ರೀತಿ ಬದಲಿಸಿ 5 ವರ್ಷದಲ್ಲಿ 2 ಕೋಟಿ ಜನರ ಮೇಲೆ ನೋಡಿದ್ರು. ಹೊಸದಾಗಿ ಬೆಳೆದ ನಂಟು 200 ಕೋಟಿ, ಆ ಅವಧಿಯಲ್ಲಿ ಸಿಕ್ಕ ಹೊಸ ಕೆಲಸ ಸುಮಾರು 6 ಲಕ್ಷ. ಗ್ರಾನೊವೆಟರ್ ಮಾತು ನಿಂತಿತು, ಎರಡು ತಿದ್ದುಪಡಿಯೊಂದಿಗೆ. ಒಂದು, ತೀರಾ ಅಪರಿಚಿತರಿಂದ ಅಷ್ಟು ಉಪಯೋಗ ಆಗಲಿಲ್ಲ. ಇಬ್ಬರಿಗೂ ಗೊತ್ತಿರೋರು ಸುಮಾರು 10 ಜನ ಇರೋ ಮಧ್ಯಮ ದೂರದವರಿಂದ ಹೆಚ್ಚು ಲಾಭ. ಎರಡು, ಐಟಿಯಂಥ ಡಿಜಿಟಲ್ ಕ್ಷೇತ್ರಗಳಲ್ಲಿ ದೂರದ ನಂಟು ಕೆಲಸಕ್ಕೆ ಬಂದಷ್ಟು ಬೇರೆ ಕಡೆ ಬರಲಿಲ್ಲ, ಅಲ್ಲಿ ಹತ್ತಿರದವರ ಮಾತೇ ನಡೀತು.

ಬೆಣ್ಣೆದೋಸೆ:
ಅಂದ್ರೆ ಅಕ್ಕನ ನಾದಿನಿಯ ಸಹೋದ್ಯೋಗಿ ಥರದವರು?

ಅಂಕಿಸಂಖ್ಯೆ:
ಹೌದು, ಸರಿಸುಮಾರು ಆ ದೂರ. ಮದುವೆಮನೆ ಪಂಕ್ತಿಯಲ್ಲಿ ಪಕ್ಕದ ಎಲೆಗೆ ಕೂರುವವರು.

ನೇಮಕಾತಿ_ನೋಟ:
ಭೇಟಿ ಆಗೋದು ಸುಲಭ. ಆಮೇಲೆ ಎರಡು ದಿನದಲ್ಲಿ ಏನು ಮಾಡ್ತಾರೆ ಅನ್ನೋದರಲ್ಲೇ ಹೆಚ್ಚಿನವರು ಎಡವೋದು. ಬೆಣ್ಣೆದೋಸೆಯವರು ಹೇಳಿದ ಕಾನ್ಪುರದ ಪ್ರಸಂಗವನ್ನ ಅರ್ಧಕ್ಕೇ ಬಿಟ್ಟಿದ್ದಾರೆ. ಮೂರ್ತಿಯವರೇ 2007ರಲ್ಲಿ ನ್ಯೂಯಾರ್ಕಿನ ವಿದ್ಯಾರ್ಥಿಗಳ ಮುಂದೆ ಹೇಳಿದ ಪ್ರಕಾರ, ತಿಂಡಿ ಮುಗಿದ ಕೂಡಲೇ ಅವರು ನೇರ ಗ್ರಂಥಾಲಯಕ್ಕೆ ಹೋಗಿ ನಾಲ್ಕೈದು ಪ್ರಬಂಧ ಓದಿದರು. ಕಂಪ್ಯೂಟರ್ ವಿಜ್ಞಾನ ಓದಬೇಕು ಅಂತ ನಿರ್ಧರಿಸಿದ್ದು ಗ್ರಂಥಾಲಯದಿಂದ ಹೊರಗೆ ಬರುವಾಗ. ಆ ವಿಜ್ಞಾನಿ ಮಾತಾಡಿದ್ದು ಒಬ್ಬರ ಹತ್ತಿರ ಅಲ್ಲ, ಒಂದಷ್ಟು ವಿದ್ಯಾರ್ಥಿಗಳ ಹತ್ತಿರ.

ಈಗಿನ ಕಾಲಕ್ಕೆ ಇದನ್ನ ಹೀಗೆ ಮಾಡಿ:

ಸಿಕ್ಕವರಿಗೆ 48 ಗಂಟೆಯೊಳಗೆ ಮೆಸೇಜ್ ಹೋಗಬೇಕು. ವಾರ ಬಿಟ್ಟರೆ ಹೆಸರು ನೋಡಿದ್ರೂ ಮುಖ ನೆನಪಾಗಲ್ಲ. ಐದಾರು ಸಾಲು ಸಾಕು. ಎಲ್ಲಿ ಸಿಕ್ಕಿದ್ದು, ಯಾವ ವಿಷಯ ಮಾತಾಡಿದ್ದು ಅಂತ ಮೊದಲ ಸಾಲಲ್ಲೇ ಇರಲಿ. ಅವರು ಹೇಳಿದ್ದರಲ್ಲಿ ಯಾವುದನ್ನ ಆಗಲೇ ಮಾಡಿ ನೋಡಿದ್ರಿ ಅನ್ನೋದು ಎರಡನೇ ಸಾಲು. ಇದಿಲ್ಲದ ಮೆಸೇಜಿಗೆ ಉತ್ತರ ಬರೋದು ಕಡಿಮೆ, ಯಾಕಂದ್ರೆ "ನಿಮ್ಮನ್ನ ಭೇಟಿಯಾಗಿ ಖುಷಿಯಾಯ್ತು" ಅಂತ ಎಲ್ಲರೂ ಬರೀತಾರೆ. ಆಮೇಲೆ ಒಂದೇ ಒಂದು ಪ್ರಶ್ನೆ, 15 ನಿಮಿಷದ ಫೋನಲ್ಲಿ ಮುಗಿಯೋವಂಥದ್ದು. ಮೊದಲ ಮೆಸೇಜಿಗೇ ರೆಸ್ಯೂಮೆ ಅಂಟಿಸಬೇಡಿ. ಉತ್ತರ ಬರಲಿಲ್ಲ ಅಂದ್ರೆ 7ರಿಂದ 10 ದಿನ ಬಿಟ್ಟು ಒಂದು ನೆನಪೋಲೆ. ಅದಕ್ಕೂ ಇಲ್ಲ ಅಂದ್ರೆ ಅಲ್ಲಿಗೆ ನಿಲ್ಲಿಸಿ.

ಇನ್ನು ರೆಫರಲ್, ಅಂದ್ರೆ ಕಂಪನಿ ಒಳಗಿನವರ ಶಿಫಾರಸು. ಇಲ್ಲಿ ಆಗೋ ದೊಡ್ಡ ತಪ್ಪು ಕ್ರಮದ್ದು. ಹುಡುಗರು ಮೊದಲು ಕಂಪನಿ ಪೋರ್ಟಲಲ್ಲಿ ಅರ್ಜಿ ಹಾಕ್ತಾರೆ, ಇಲ್ಲವೇ ಯಾವುದೋ ಕನ್ಸಲ್ಟೆನ್ಸಿಗೆ ರೆಸ್ಯೂಮೆ ಕೊಟ್ಟಿರ್ತಾರೆ, ಆಮೇಲೆ ಒಳಗಿನವರನ್ನ ಹಿಡೀತಾರೆ. ಅಷ್ಟು ಹೊತ್ತಿಗೆ ಇಮೇಲ್, ಫೋನ್ ನಂಬರ್ ಎರಡೂ ಅವರ ಸಾಫ್ಟ್‌ವೇರಲ್ಲಿ ದಾಖಲಾಗಿರುತ್ತೆ. ಒಳಗಿನವರು ಹಾಕಿದ ರೆಫರಲ್ "ಈಗಾಗಲೇ ಇದೆ" ಅಂತ ವಾಪಸ್ ಬರುತ್ತೆ, ಎಷ್ಟೋ ಕಡೆ ಕೆಲವು ತಿಂಗಳು ಅದೇ ಸ್ಥಿತಿ. ಆದ್ದರಿಂದ ಮೊದಲು ರೆಫರಲ್, ಅವರಿಂದ ಲಿಂಕ್ ಬಂದ ಮೇಲೆ ಅರ್ಜಿ. ಅವರಿಗೆ ಕೊಡಬೇಕಾದ್ದು ಮೂರು: ಹುದ್ದೆಯ ಜಾಬ್ ಐಡಿ, ಎರಡು ಪುಟ ಮೀರದ ಪಿಡಿಎಫ್ ರೆಸ್ಯೂಮೆ, ಈ ಹುದ್ದೆಗೆ ಯಾಕೆ ಹೊಂದ್ತೀರಿ ಅಂತ ನಾಲ್ಕು ಸಾಲು. ಆ ನಾಲ್ಕು ಸಾಲನ್ನ ಅವರು ಹಾಗೇ ಅಂಟಿಸೋ ಥರ ಬರೆದುಕೊಡಿ. ಬರೆಯೋ ಕೆಲಸ ಅವರ ತಲೆಗೆ ಹಾಕಿದ್ರೆ ನಾಳೆ ನಾಡಿದ್ದು ಅಂತ ಕಡತ ಮುಚ್ಚಿಹೋಗುತ್ತೆ.

ಸರ್ಕಾರಿ ಕೆಲಸದಲ್ಲಿ ಇದ್ಯಾವುದೂ ಇಲ್ಲ. ಅಲ್ಲಿ ಪರಿಚಯದವರಿಂದ ಸಿಗಬೇಕಾದ್ದು ಅಧಿಸೂಚನೆ ಬಂದಿದೆ ಅನ್ನೋ ಸುದ್ದಿ ಮಾತ್ರ. ಬಸ್ಸಲ್ಲಿ ಸಿಕ್ಕ ದೊಡ್ಡ ಮನುಷ್ಯರು "ಮಾಡಿಸಿಕೊಡ್ತೀನಿ, ಇಷ್ಟು ಖರ್ಚಾಗುತ್ತೆ" ಅಂದ್ರೆ ಮುಂದಿನ ಸ್ಟಾಪಲ್ಲಿ ಇಳಿದುಬಿಡಿ.

ಸಂಜೆ_ಏಳರ_ಬಸ್ಸು:
ಸುಧಾ ಕುಲಕರ್ಣಿಯವರ ವಿಷಯವನ್ನ "ನೋಟಿಸ್ ಬೋರ್ಡ್ ನೋಡಿದ್ರು" ಅಂತ ಒಂದು ಸಾಲಲ್ಲಿ ಮುಗಿಸೋದು ಅನ್ಯಾಯ. ಆ ಬೋರ್ಡಲ್ಲಿದ್ದದ್ದು ಟಾಟಾದವರ ವಾಹನ ಕಂಪನಿ ಟೆಲ್ಕೋದ ಕೆಲಸದ ಜಾಹೀರಾತು, ಅದರ ಕೊನೆಯಲ್ಲಿ ಮಹಿಳೆಯರು ಅರ್ಜಿ ಹಾಕಬೇಕಿಲ್ಲ ಅಂತ ಬರೆದಿತ್ತು. ಅವರಿಗೆ ಆ ಕೆಲಸ ಬೇಕೂ ಇರಲಿಲ್ಲ, ಅಮೆರಿಕದಲ್ಲಿ ಡಾಕ್ಟರೇಟ್ ಮಾಡೋಕೆ ವಿದ್ಯಾರ್ಥಿವೇತನ ಸಿಕ್ಕಿತ್ತು. ಆದ್ರೂ ಅದನ್ನ ಪ್ರಶ್ನಿಸಿ ಒಂದು ಪೋಸ್ಟ್‌ಕಾರ್ಡ್ ಬರೆದರು. ಟೆಲ್ಕೋ ಮುಖ್ಯಸ್ಥರಾಗಿದ್ದವರು ಸುಮಂತ್ ಮೂಲ್ಗಾಂವ್ಕರ್. ಅದು ಗೊತ್ತಿರದೆ, ಪತ್ರಿಕೆಯಲ್ಲಿ ಚಿತ್ರ ನೋಡಿದ್ದ ಜೆ.ಆರ್.ಡಿ. ಟಾಟಾ ಅವರಿಗೇ ವಿಳಾಸ ಹಾಕಿದರು. ಹತ್ತು ದಿನದೊಳಗೆ ತಂತಿ ಬಂತು, ಕಂಪನಿ ಖರ್ಚಲ್ಲೇ ಪುಣೆಗೆ ಸಂದರ್ಶನಕ್ಕೆ ಬನ್ನಿ ಅಂತ.

ಅದೇ ಬೋರ್ಡನ್ನ ಎಷ್ಟು ಜನ ನೋಡಿರಲಿಕ್ಕಿಲ್ಲ! ಕಾರ್ಡ್ ಹಾಕಿದ್ದು ಒಬ್ಬರು.

ಪುಣೆಯ ಕಥೆಯಲ್ಲೂ ಹಾಗೇ. ಗೆಳೆಯರೊಬ್ಬರು ಓದೋಕೆ ಕೊಡ್ತಿದ್ದ ಪುಸ್ತಕಗಳ ಮೊದಲ ಪುಟದಲ್ಲಿ ಮೂರ್ತಿ ಅನ್ನೋ ಹೆಸರು ಮತ್ತೆ ಮತ್ತೆ ಕಾಣ್ತಿತ್ತು, ಜೊತೆಗೆ ಎಲ್ಲಿ ಕೊಂಡದ್ದು ಅಂತ ಬೇರೆ ಬೇರೆ ದೇಶದ ಊರು. ಮನುಷ್ಯ ಸಿಗೋ ಮೊದಲೇ ಅವರ ಓದು ಪರಿಚಯ ಆಗಿತ್ತು. 1978ರಲ್ಲಿ ಮದುವೆ, 1981ರಲ್ಲಿ ಸುಧಾ ಅವರು ಕೂಡಿಟ್ಟ 10,000 ರೂಪಾಯಿ ಇನ್ಫೋಸಿಸ್‌ಗೆ ಮೊದಲ ಬಂಡವಾಳ. ಅಂಕಿಸಂಖ್ಯೆಯವರು ಹೇಳೋ ಮಧ್ಯಮ ದೂರದ ನಂಟಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ.

ಅರಳೀಕಟ್ಟೆ:
ಆ ಗೆಳೆಯರು ಪುಸ್ತಕ ಕೊಟ್ಟಿದ್ದು ಋಣಾನುಬಂಧ ಅಲ್ವಾ?

ಸಂಜೆ_ಏಳರ_ಬಸ್ಸು:
ಇರಲಿ. ಆದ್ರೆ ಹುಡುಗಿ ಒಬ್ಬಳೇ ಬೇರೆ ಊರಲ್ಲಿ ಇದ್ದು ದುಡಿಯೋಕೆ ಆದಾಗಲೇ ಅಂಥ ಋಣ ಕೂಡಿ ಬಂದಿದ್ದು. ಸಂಜೆ ಏಳಕ್ಕೆ ಮನೆ ಸೇರಲೇಬೇಕು ಅನ್ನೋ ಕಟ್ಟುಪಾಡು ಇದ್ದರೆ ಅನಿರೀಕ್ಷಿತ ಭೇಟಿಗೆ ಜಾಗ ಎಲ್ಲಿ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ ಆದ ಮೇಲೆ ಪಕ್ಕದ ತಾಲೂಕಿನ ತರಬೇತಿಗೆ, ಮೇಳಕ್ಕೆ ಹೋಗಿ ಬರೋಕೆ ಯಾರ ಹತ್ತಿರವೂ ಕಾಸು ಕೇಳಬೇಕಿಲ್ಲ. ಈ ಚರ್ಚೆಯಲ್ಲಿ ಅದನ್ನೂ ಎಣಿಸಬೇಕು.

ಮೂರನೇ_ಮಹಡಿ:
ಜಾಗದ ಮಾತು ಬಂದಿದ್ದು ಒಳ್ಳೇದಾಯ್ತು, ಇಡೀ ವಿಷಯದ ಬುಡ ಅಲ್ಲೇ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ತನ್ನ ವಿವಾಹಿತ ವಿದ್ಯಾರ್ಥಿಗಳಿಗೆ ವೆಸ್ಟ್‌ಗೇಟ್ ಅನ್ನೋ ವಸತಿ ಕಟ್ಟಿಸಿತ್ತು. ಎರಡು ಅಂತಸ್ತು, ಅಂತಸ್ತಿಗೆ ಐದು ಮನೆ. ಯಾವ ಮನೆ ಯಾರಿಗೆ ಅನ್ನೋದರಲ್ಲಿ ಆಯ್ಕೆ ಇರಲಿಲ್ಲ, ಖಾಲಿಯಾದದ್ದು ಸಿಗ್ತಿತ್ತು. ಫೆಸ್ಟಿಂಜರ್, ಶಾಕ್ಟರ್, ಬ್ಯಾಕ್ ಅನ್ನೋ ಮೂವರು ಅಲ್ಲಿನವರನ್ನ ನಿಮ್ಮ ಹತ್ತಿರದ ಗೆಳೆಯರು ಯಾರು ಅಂತ ಕೇಳಿ 1950ರಲ್ಲಿ ಬರೆದರು. ಒಂದೇ ಅಂತಸ್ತಿನ ಪಕ್ಕದ ಮನೆಯವರನ್ನ ಹೆಸರಿಸಿದ ಪ್ರಮಾಣ ಶೇ. 41. ಒಂದು ಮನೆ ದಾಟಿ ಇದ್ದವರನ್ನ ಶೇ. 22. ಸಾಲಿನ ಆ ತುದಿಯವರನ್ನ ಶೇ. 10. ತುದಿಯಿಂದ ತುದಿಗೆ ದೂರ ಎಷ್ಟು ಅಂದ್ರೆ ಒಂದು ನಿಮಿಷ ನಡೆಯೋಷ್ಟೂ ಇಲ್ಲ.

ಅಡಿ ಲೆಕ್ಕಕ್ಕಿಂತ ಕಾಲುದಾರಿ ಮುಖ್ಯ ಅನ್ನೋದು ಅವರ ಇನ್ನೊಂದು ಮಾತು. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಅಂತಸ್ತಲ್ಲೂ ಗೆಳೆಯರು ಹೆಚ್ಚು, ಯಾಕಂದ್ರೆ ಹತ್ತಿ ಇಳಿಯೋರೆಲ್ಲ ಅವರ ಬಾಗಿಲ ಮುಂದೇ ಹಾಯಬೇಕು.

ಮದುವೆಗೂ ಇದೇ. ಬೊಸಾರ್ಡ್ ಅನ್ನೋರು ಫಿಲಡೆಲ್ಫಿಯಾದ 5,000 ಮದುವೆ ಪರವಾನಗಿಗಳ ವಿಳಾಸ ತೆಗೆದು 1932ರಲ್ಲಿ ಪ್ರಕಟಿಸಿದ್ರು. ಮೂರನೇ ಒಂದು ಭಾಗದಷ್ಟು ಜೋಡಿಗಳ ಮನೆಗಳ ನಡುವೆ ಐದು ಬೀದಿ ಅಥವಾ ಅದಕ್ಕೂ ಕಡಿಮೆ ಅಂತರ. ಆಫೀಸಿಗೆ ಬಂದ್ರೆ ಎಂಐಟಿಯ ಥಾಮಸ್ ಅಲೆನ್ ಲೆಕ್ಕ: ಇಬ್ಬರು ಎಂಜಿನಿಯರುಗಳ ಮೇಜುಗಳ ನಡುವೆ 50 ಮೀಟರ್ ದಾಟಿದ್ರೆ ವಾರಕ್ಕೊಮ್ಮೆ ಮಾತಾಡೋ ಸಾಧ್ಯತೆಯೂ ಹೆಚ್ಚುಕಡಿಮೆ ನಿಂತುಹೋಗುತ್ತೆ.

ಹಾಗಾಗಿ ಮನೆಯಿಂದ ಕೆಲಸ ಮಾಡೋರಿಗೆ ಬೇಕಾದ್ದು ಒಂದು ದಿನದ ದೊಡ್ಡ ಸಮಾವೇಶ ಅಲ್ಲ. 500 ಜನರ ಸಭೆಯಲ್ಲಿ 30 ಕೈ ಕುಲುಕಿ ಬಂದ್ರೆ ಒಬ್ಬರೂ ಎರಡನೇ ಸಲ ಸಿಗಲ್ಲ. ವಾರಕ್ಕೊಮ್ಮೆ, ಅದೇ ದಿನ, ಅದೇ ಹೊತ್ತಿಗೆ, 8ರಿಂದ 15 ಜನ ಸೇರೋ ಕಡೆ ಹೋಗಿ. ಯಕ್ಷಗಾನದ ಹೆಜ್ಜೆ ಕಲಿಸೋ ಕಡೆ ಆಗಬಹುದು, ಕನ್ನಡ ಪುಸ್ತಕ ಓದೋ ಬಳಗ ಆಗಬಹುದು, ಷಟಲ್ ಅಂಗಳ ಆಗಬಹುದು. ಎರಡು ತಿಂಗಳು ತಪ್ಪಿಸಬೇಡಿ. ಮೊದಲ ಮೂರು ವಾರ ಹೆಸರು ತಿಳಿಯೋಕೇ ಬೇಕು, ಆಮೇಲೆ ಯಾರು ಏನು ಮಾಡ್ತಾರೆ ಅನ್ನೋ ಮಾತು ತಾನಾಗೇ ಬರುತ್ತೆ. ಶುರುವಾಗೋಕೆ ಹತ್ತು ನಿಮಿಷ ಮುಂಚೆ ಹೋಗಿ, ಮುಗಿದ ಮೇಲೆ ಹತ್ತು ನಿಮಿಷ ನಿಲ್ಲಿ. ಪರಿಚಯ ಆಗೋದು ಆ ಇಪ್ಪತ್ತು ನಿಮಿಷದಲ್ಲಿ. ನಡುವಿನ ಹೊತ್ತಲ್ಲಿ ಎಲ್ಲರೂ ಕಲಿಕೆಯಲ್ಲಿ ಮುಳುಗಿರ್ತಾರೆ. ಮತ್ತೆ ಕಿವಿಗೆ ಇಯರ್‌ಫೋನ್ ಬೇಡ, ಅದು ಬಾಗಿಲಿಗೆ ಬೀಗ ಹಾಕಿದ ಹಾಗೆ.

ಕುಂದಗೋಳ_ಪ್ಯಾಸೆಂಜರ್:
ಭೀಮಸೇನ ಜೋಶಿಯವರ ಮಾತು ತೆಗೀಲಾರದ ಈ ಚರ್ಚಾ ಹ್ಯಾಂಗ ಮುಗೀತೈತ್ರಿ?

1922ರಾಗ ಹುಟ್ಟಿ ಗದಗದಾಗ ಬೆಳೆದ ಹುಡುಗ. ಅಂಗಡಿಯೊಳಗಿನ ಗ್ರಾಮಫೋನಿನ್ಯಾಗ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿ ತಲಿ ಕೆಟ್ಟತು. ಹನ್ನೊಂದರ ವಯಸ್ಸಿಗೆ, 1933ರಾಗ, ಗುರುವಿನ ಹುಡುಕಿಕೊಂಡು ಮನಿ ಬಿಟ್ಟರು. ಟಿಕೀಟಿಗೆ ರೊಕ್ಕ ಇಲ್ಲ, ರೈಲಿನ್ಯಾಗ ಹಾಡಿಕೋತ ಹೊಂಟರು. ಗ್ವಾಲಿಯರ್, ಕೋಲ್ಕತ್ತಾ, ದಿಲ್ಲಿ ಅಂತ ಅಲೆದಾಡಿ ಕಡೀಕ ಪಂಜಾಬದ ಜಲಂಧರ್ ಮುಟ್ಟಿದರು. ಅಲ್ಲಿ ಹರಿವಲ್ಲಭ ಸಂಗೀತ ಸಮ್ಮೇಳನಕ್ಕ ಬಂದಿದ್ದ ಗಾಯಕ ವಿನಾಯಕರಾವ್ ಪಟವರ್ಧನರು ಸಿಕ್ಕರು. ಅವರು ಹೇಳಿದ್ದು ಏನ್ರಿ? ಇಷ್ಟು ದೂರ ಯಾಕ ಬಂದಿ, ನಿಮ್ಮ ಕಡೀನ ಕುಂದಗೋಳದಾಗ ಸವಾಯಿ ಗಂಧರ್ವರು ಅದಾರ, ಅಲ್ಲಿಗೆ ಹೋಗು ಅಂತ.

ಕುಂದಗೋಳ ಎಲ್ಲೈತಿ? ಗದಗದಿಂದ ಹುಬ್ಬಳ್ಳಿ ದಾಟಿದರ ಬಂತು. ಮನಿ ಬಾಜೂಕಿನ ಗುರುವಿನ ಹೆಸರು ಹೇಳಾಕ ಜಲಂಧರದಾಗ ಒಬ್ಬರು ಸಿಗಬೇಕಾತು. ಅಂಕಿಸಂಖ್ಯೆಯವರ ಕಾಲುಸಂಕದ ಮಾತು ಇದಕ್ಕ ಪೂರಾ ಹೊಂದತೈತಿ.

ಅದರ ಮುಂದಿನದು ಮರೀಬ್ಯಾಡ್ರಿ. 1936ರಾಗ ಸವಾಯಿ ಗಂಧರ್ವರು ಒಪ್ಪಿಕೊಂಡರೂ ಹೋದ ಕೂಡ್ಲೆ ಪಾಠ ಸುರು ಆಗಲಿಲ್ಲ. ನೀರು ಹೊರೋದು, ಮನಿಗೆಲಸ ಮಾಡೋದು, ಅದರಾಗ ಬಾಳ ದಿವಸ ಹೋತು. ಭೇಟಿ ಒಂದು ಗಳಿಗಿದು, ಸಾಧನಾ ವರ್ಷಗಟ್ಟಲೇದು.

ಕಡಲತಡಿ:
ಆ ಠುಮ್ರಿ ಭೈರವಿ ರಾಗದ್ದಲ್ವಾ? "ಜಮುನಾ ಕೆ ತೀರ್"?

ಕುಂದಗೋಳ_ಪ್ಯಾಸೆಂಜರ್:
ಅಲ್ರಿ. ಖಾನಸಾಹೇಬರ "ಜಮುನಾ ಕೆ ತೀರ್" ಭೈರವಿ, ಖರೆ. ಭೀಮಸೇನರಿಗೆ ಹುಚ್ಚು ಹಿಡಿಸಿದ್ದು "ಪಿಯಾ ಬಿನ್ ನಹೀ ಆವತ ಚೈನ್", ಅದು ಝಿಂಝೋಟಿ. ಎರಡೂ ಒಂದರ ಹಿಂದ ಒಂದು ಕೇಳಿ ನೋಡ್ರಿ, ಫರಕ್ ಗೊತ್ತಾಕೈತಿ. ಅಂದಂಗ ಗಂಗೂಬಾಯಿ ಹಾನಗಲ್ ಅವರೂ ಅದೇ ಗುರುವಿನ ಕಡೆ ಕಲಿಯಾಕ ಹುಬ್ಬಳ್ಳಿಯಿಂದ ರೈಲಿನ್ಯಾಗ ಕುಂದಗೋಳಕ್ಕ ಬರ್ತಿದ್ದರು.

ಅರಳೀಕಟ್ಟೆ:
ಇದನ್ನ ಒಪ್ತೀನಿ. ಡಾ. ರಾಜ್ ಅವರದ್ದೂ ಹೀಗೇ. ಎಚ್.ಎಲ್.ಎನ್. ಸಿಂಹ ಅವರ ಕಣ್ಣಿಗೆ ಬಿದ್ದು 1954ರಲ್ಲಿ "ಬೇಡರ ಕಣ್ಣಪ್ಪ" ಸಿಕ್ಕಿತು ಅಂತೀವಿ. ಅದಕ್ಕೂ ಮೊದಲು ಮುತ್ತುರಾಜ್ ಆಗಿ ಎಷ್ಟು ವರ್ಷ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿದ್ರು ಅನ್ನೋದು ಮರೆತೇ ಬಿಡ್ತೀವಿ.

ಕೆಮ್ಮಣ್ಣು:
ಮನುಷ್ಯರ ಭೇಟಿಯನ್ನೇ ಎಲ್ಲರೂ ಹೇಳುತ್ತಿದ್ದೀರಿ. ಪುಸ್ತಕದ ಭೇಟಿಯೂ ಒಂದಿದೆ. ಮೈಸೂರಿನ ಎ.ಕೆ. ರಾಮಾನುಜನ್ 1962ರಲ್ಲಿ ಷಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದ ಹೊಸತರಲ್ಲಿ ಒಂದು ಶನಿವಾರ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಹುಡುಕಿ ಹೋದದ್ದು ಹಳೆಯ ತಮಿಳಿನ ಒಂದು ವ್ಯಾಕರಣ. ಕೈಗೆ ಸಿಕ್ಕಿದ್ದು ಯು.ವಿ. ಸ್ವಾಮಿನಾಥ ಅಯ್ಯರ್ ಸಂಪಾದಿಸಿದ ಕುರುಂತೊಗೈ ಎಂಬ ಹಳೆಯ ತಮಿಳು ಪದ್ಯಗಳ ಸಂಕಲನ, 1937ರ ಮುದ್ರಣ. ಸಂಗಂ ಕಾವ್ಯದ ಅನುವಾದಕರಾಗಿ ಜಗತ್ತು ಅವರನ್ನು ಗುರುತಿಸಿದ್ದು ಆ ಕಪಾಟಿನಿಂದ. ಜಲಂಧರದ ಕಥೆಯದೇ ಇನ್ನೊಂದು ರೂಪ ಇದು. ದಕ್ಷಿಣದ ಕಾವ್ಯ ದಕ್ಷಿಣದವರಿಗೆ ಸಿಕ್ಕಿದ್ದು ಷಿಕಾಗೋದಲ್ಲಿ.

ಆ ಸಂಕಲನದ 40ನೆಯ ಪದ್ಯ ಈ ಚರ್ಚೆಗೆಂದೇ ಬರೆದಂತಿದೆ. ನನ್ನ ತಾಯಿ ನಿನ್ನ ತಾಯಿಗೆ ಏನಾಗಬೇಕು, ನನ್ನ ತಂದೆ ನಿನ್ನ ತಂದೆಗೆ ಯಾವ ನಂಟ, ನಾನೂ ನೀನೂ ಒಬ್ಬರನ್ನೊಬ್ಬರು ಅರಿತದ್ದು ಹೇಗೆ, ಆದರೂ ಕೆಮ್ಮಣ್ಣಿಗೆ ಸುರಿದ ಮಳೆನೀರಿನ ಹಾಗೆ ನಮ್ಮ ಹೃದಯಗಳು ಬೆರೆತವು ಎಂದು ನಲ್ಲ ಹೇಳುತ್ತಾನೆ. ಕವಿಯ ನಿಜ ಹೆಸರು ಉಳಿದಿಲ್ಲ. ಆ ಉಪಮೆಯಿಂದಲೇ ಸೆಂಬುಲಪ್ಪೆಯನೀರಾರ್, ಅಂದರೆ ಕೆಮ್ಮಣ್ಣ ಮಳೆನೀರಿನವರು, ಎಂದು ಕರೆದರು. ಗುರುತು ಪರಿಚಯವಿಲ್ಲದ ಇಬ್ಬರ ಕೂಟಕ್ಕೆ ಆ ಕವಿಗಳು ಕೊಟ್ಟ ತಿಣೆ, ಅಂದರೆ ಭಾವಕ್ಕೆ ಹೊಂದುವ ನೆಲ ಮತ್ತು ಹೊತ್ತು, ಕುರಿಂಜಿ: ಬೆಟ್ಟ, ನಡುರಾತ್ರಿ. ನಮ್ಮ ಮುಳ್ಳಯ್ಯನಗಿರಿಯಲ್ಲಿ 12 ವರ್ಷಕ್ಕೊಮ್ಮೆ ಅರಳುವ ಅದೇ ಹೂವಿನ ಹೆಸರು.

ಬೆಣ್ಣೆದೋಸೆ:
ಎಷ್ಟು ಚೆಂದ! ಆದ್ರೆ ತಾಯಿ ತಂದೆಗೆ ಏನು ನಂಟು ಅನ್ನೋ ಪ್ರಶ್ನೆಯನ್ನ ಇವತ್ತು ಮನೆಯವರು ಬೇರೆ ದನಿಯಲ್ಲಿ ಕೇಳ್ತಾರೆ.

ಸಂಜೆ_ಏಳರ_ಬಸ್ಸು:
ಕೇಳೇ ಕೇಳ್ತಾರೆ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಜಾತಿ ದಾಟಿದ ಮದುವೆ ನೂರಕ್ಕೆ ಸುಮಾರು 5. ಹತ್ತಿರದ ನಂಟು ಕೆಲಸದಲ್ಲೂ ಕಟ್ಟಿಹಾಕುತ್ತೆ. ಮುಂಬಯಿಯ ದಾದರ್ ಪ್ರದೇಶದ ಮಕ್ಕಳ ಓದಿನ ಬಗ್ಗೆ ಮುನ್ಷಿ, ರೋಸೆನ್ಸ್‌ವೈಗ್ ಅನ್ನೋ ಅರ್ಥಶಾಸ್ತ್ರಜ್ಞರು 2006ರಲ್ಲಿ ಬರೆದಿದ್ದು ಇದನ್ನೇ. ದುಡಿಯೋ ವರ್ಗದ ಜಾತಿಗಳಲ್ಲಿ ಗಂಡುಮಕ್ಕಳಿಗೆ ಜಾತಿಯವರ ಮೂಲಕ ಹಳೇ ಕಸುಬು ಗ್ಯಾರಂಟಿ ಇತ್ತು, ಹಾಗಾಗಿ ಅವರು ಮರಾಠಿ ಮಾಧ್ಯಮದಲ್ಲೇ ಉಳಿದರು. ಹೆಣ್ಣುಮಕ್ಕಳಿಗೆ ಆ ಬಳಗದಲ್ಲಿ ಪಾಲೇ ಇರಲಿಲ್ಲ. ಅವರು ಇಂಗ್ಲಿಷ್ ಮಾಧ್ಯಮಕ್ಕೆ ಹೋಗಿ ಹೊಸ ಕೆಲಸ ಹಿಡಿದರು.

ಕಡಲತಡಿ:
ಈಗ ಪ್ರೀತಿಯ ಕಡೆ ಬರುವ ಮಾರಾಯ್ರೆ. ಅಮೆರಿಕದಲ್ಲಿ ರೋಸೆನ್‌ಫೆಲ್ಡ್ ಅವರ ತಂಡದ ಲೆಕ್ಕ ಉಂಟು, ಗಂಡು ಹೆಣ್ಣಿನ ಜೋಡಿಗಳದ್ದು. 1995ರಲ್ಲಿ ಗೆಳೆಯರ ಮೂಲಕ ಪರಿಚಯ ಆದವರು ಶೇ. 33, 2017ಕ್ಕೆ ಅದು ಶೇ. 20ಕ್ಕೆ ಇಳಿಯಿತು. ಆನ್‌ಲೈನಿನಲ್ಲಿ ಸಿಕ್ಕವರು 2017ರಲ್ಲಿ ಶೇ. 39. ನಮ್ಮ ಊರಿನ ಲೆಕ್ಕ ಬೇರೆ, ಆದರೂ ಗಾಳಿ ಯಾವ ದಿಕ್ಕಿಗೆ ಅಂತ ಗೊತ್ತಾಗ್ತದೆ.

ತೊಂದರೆ ಏನಂದರೆ, ಗೆಳೆಯರ ಮೂಲಕ ಸಿಕ್ಕವರ ಬಗ್ಗೆ ವಿಚಾರಿಸ್ಲಿಕ್ಕೆ ಒಬ್ಬರಾದರೂ ಇರ್ತಾರೆ. ಫೋನಿನಲ್ಲಿ ಸಿಕ್ಕವರ ಹಿಂದೆ ಯಾರೂ ಇಲ್ಲ. ಮೋಸದವರ ದಾರಿ ಸಾಮಾನ್ಯವಾಗಿ ಒಂದೇ ತರ ಇರ್ತದೆ ನೋಡಿ. "ರಾಂಗ್ ನಂಬರ್" ಅಂತ ಒಂದು ಮೆಸೇಜು, ಅಥವಾ ಮ್ಯಾಟ್ರಿಮೊನಿಯಲ್ಲಿ ವಿದೇಶದಲ್ಲಿರುವ ಡಾಕ್ಟರು. ಕೆಲವು ವಾರ ಬರೀ ಸುಖದುಃಖದ ಮಾತು, ವೀಡಿಯೊ ಕಾಲ್ ಕೇಳಿದರೆ ನೆಪ. ಆಮೇಲೆ ಒಂದು ಹೂಡಿಕೆಯ ಆ್ಯಪ್. ಮೊದಲು ಸಣ್ಣ ಮೊತ್ತ ಹಾಕಿಸಿ ಲಾಭ ಸಮೇತ ವಾಪಸ್ ಕೊಡ್ತಾರೆ, ನಂಬಿಕೆ ಕೂತ ಮೇಲೆ ದೊಡ್ಡ ಮೊತ್ತ. ಅದನ್ನು ತೆಗೀಲಿಕ್ಕೆ ಹೋದರೆ "ತೆರಿಗೆ ಕಟ್ಟಿ" ಅಂತಾರೆ. ಇನ್ನೊಂದು ಬಗೆಯಲ್ಲಿ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವರು ಉಡುಗೊರೆ ಹಿಡಿದಿದ್ದಾರೆ ಅಂತ ಫೋನು. ದುಡ್ಡು ಹೋದದ್ದು ಗೊತ್ತಾದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ನಾಚಿಕೆ ಅಂತ ಎರಡು ದಿನ ಕಾಯಬೇಡಿ. ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆದರೆ ಮಾತ್ರ ಸಿಗುವ ಆಸೆ. ವಹಿವಾಟಿನ ನಂಬರು, ತಾರೀಕು, ಮೊತ್ತ ಬರೆದಿಟ್ಟುಕೊಂಡೇ ಫೋನ್ ಮಾಡಿ.

ಮೊದಲ ಭೇಟಿ ಜನ ಇರುವ ಹೋಟೆಲಿನಲ್ಲಿ, ಹಗಲಲ್ಲಿ, ಒಂದು ಗಂಟೆ ಸಾಕು. ಬರುವ ಹೋಗುವ ವಾಹನ ನಿಮ್ಮದೇ. ಎಲ್ಲಿ ಅಂತ ಒಬ್ಬರಿಗೆ ಲೊಕೇಶನ್ ಕಳಿಸಿ ಇಡಿ.

ನೇಮಕಾತಿ_ನೋಟ:
ಆಫೀಸಲ್ಲಿ ಮೂಡೋ ಪ್ರೀತಿಗೂ ಒಂದು ಮಾತು. ಒಂದು ಸಲ ಕೇಳಿ, ಸ್ಪಷ್ಟವಾಗಿ ಕೇಳಿ. "ಇಲ್ಲ" ಅಂದ್ರೆ ಅಥವಾ ಮಾತು ತಪ್ಪಿಸಿದ್ರೆ ಅದೇ ಉತ್ತರ, ಮತ್ತೆ ಕೇಳೋದು ಕಿರುಕುಳ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯೋ 2013ರ ಕಾಯ್ದೆ ಪ್ರಕಾರ 10 ಅಥವಾ ಹೆಚ್ಚು ಜನ ಇರೋ ಕಡೆ ಆಂತರಿಕ ಸಮಿತಿ ಇರಲೇಬೇಕು, ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬಹುದು, ಕಾರಣ ಇದ್ದರೆ ಇನ್ನೂ 3 ತಿಂಗಳು ಸಮಿತಿ ಕೊಡಬಹುದು. ಇಬ್ಬರಿಗೂ ಒಪ್ಪಿಗೆ ಇದ್ದು ಒಬ್ಬರು ಇನ್ನೊಬ್ಬರ ಮ್ಯಾನೇಜರ್ ಆಗಿದ್ರೆ ಮೊದಲು ಎಚ್‌ಆರ್‌ಗೆ ತಿಳಿಸಿ ತಂಡ ಬದಲಿಸಿಕೊಳ್ಳಿ. ಇನ್‌ಕ್ರಿಮೆಂಟ್ ಆದ ಮೇಲೆ ಗೊತ್ತಾದ್ರೆ ಇಬ್ಬರ ದುಡಿಮೆಗೂ ಕಳಂಕ ಅಂಟುತ್ತೆ.

ನೋಂದಣಿಕಟ್ಟೆ:
ಧರ್ಮ ಬೇರೆ ಇದ್ದು ಮದುವೆವರೆಗೆ ಬಂದವರಿಗೆ 1954ರ ವಿಶೇಷ ವಿವಾಹ ಕಾಯ್ದೆಯ ದಾರಿ. ವರನಿಗೆ 21, ವಧುವಿಗೆ 18 ತುಂಬಿರಬೇಕು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮುಂಚಿನ 30 ದಿನ ಆ ಜಿಲ್ಲೆಯಲ್ಲಿ ವಾಸವಿರಬೇಕು. ಹೆಚ್ಚಿನ ಅರ್ಜಿಗಳು ಅಡ್ಡಬೀಳುವುದು ಇಲ್ಲೇ, ಬಾಡಿಗೆ ಕರಾರು ಯಾವುದೋ ಗೆಳೆಯರ ಹೆಸರಲ್ಲಿರುತ್ತದೆ. ನೋಟಿಸನ್ನು ವಿವಾಹಾಧಿಕಾರಿ ತಮ್ಮ ಕಚೇರಿಯಲ್ಲಿ ಕಾಣುವ ಕಡೆ ಅಂಟಿಸುತ್ತಾರೆ. ಒಬ್ಬರ ಕಾಯಂ ವಾಸ ಬೇರೆ ಜಿಲ್ಲೆಯಾದರೆ ಒಂದು ಪ್ರತಿ ಅಲ್ಲಿಗೂ ಹೋಗುತ್ತದೆ, ಊರಿಗೆ ಸುದ್ದಿ ಮುಟ್ಟುವುದು ಹೀಗೆ. ಇದನ್ನು ಮೊದಲೇ ತಿಳಿದಿರಿ. ಮನೆಯವರಿಗೆ ಹೇಳುವುದಿದ್ದರೆ ನೋಟಿಸ್ ಅಂಟುವ ಮೊದಲು ನೀವೇ ಹೇಳಿ. ಬೆದರಿಕೆ ಇದ್ದರೆ ಪೊಲೀಸ್ ರಕ್ಷಣೆ ಕೋರಿ ಮೊದಲೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ.

30 ದಿನದಲ್ಲಿ ಯಾರಾದರೂ ಆಕ್ಷೇಪ ಸಲ್ಲಿಸಬಹುದು. ಆದರೆ ಕಾರಣ ಕಾಯ್ದೆಯ 4ನೇ ಸೆಕ್ಷನ್‌ನಲ್ಲಿ ಇದ್ದದ್ದೇ ಆಗಬೇಕು: ವಯಸ್ಸು, ಈಗಾಗಲೇ ಇರುವ ಸಂಗಾತಿ, ನಿಷಿದ್ಧ ಸಂಬಂಧ, ಒಪ್ಪಿಗೆ ಕೊಡಲಾಗದ ಮಾನಸಿಕ ಸ್ಥಿತಿ. "ನಮಗೆ ಒಪ್ಪಿಗೆಯಿಲ್ಲ" ಎಂಬ ತಂದೆತಾಯಿಯ ಪತ್ರ ಆಕ್ಷೇಪವಾಗುವುದಿಲ್ಲ. ಆಕ್ಷೇಪ ಬಂದರೆ ಅಧಿಕಾರಿ 30 ದಿನದಲ್ಲಿ ತೀರ್ಮಾನಿಸಬೇಕು. ವಿರುದ್ಧವಾದರೆ ಜಿಲ್ಲಾ ನ್ಯಾಯಾಲಯಕ್ಕೆ ಮೇಲ್ಮನವಿ, ಅದಕ್ಕೂ 30 ದಿನ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಪ್ರತಿಜ್ಞೆಯ ಮಾತನ್ನು ಕನ್ನಡದಲ್ಲೇ ಹೇಳಬಹುದು, ಎಲ್ಲರಿಗೂ ಅರ್ಥವಾಗುವ ಭಾಷೆಯಾಗಿದ್ದರೆ ಸಾಕು.

ಇಬ್ಬರೂ ಹಿಂದೂಗಳಾಗಿದ್ದು ಜಾತಿ ಮಾತ್ರ ಬೇರೆಯಾದರೆ ಈ ನೋಟಿಸ್ ಬೇಕಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಡಿ ಶಾಸ್ತ್ರ ಮುಗಿಸಿ ನೋಂದಾಯಿಸಬಹುದು. ಶಾಸ್ತ್ರವನ್ನೇ ಮಾಡದೆ ಬರೀ ಪ್ರಮಾಣಪತ್ರ ತೆಗೆದರೆ ಅದು ಮದುವೆಯಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ಹೇಳಿದೆ. ಫೋಟೋ, ಆಮಂತ್ರಣ ಜೋಪಾನವಾಗಿಡಿ.

ಕೆಮ್ಮಣ್ಣು:
ಕುವೆಂಪು ರೂಪಿಸಿದ ಸರಳ ಮದುವೆಯ ವಿಧಿ, ಮಂತ್ರ ಮಾಂಗಲ್ಯವನ್ನು ಇಲ್ಲಿ ನೆನೆಯಬೇಕು. 1966ರಲ್ಲಿ ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ ಹಾಗೆ ನಡೆಯಿತು. ಅವರಿಬ್ಬರ ಪರಿಚಯ ಆದದ್ದೂ ಮೈಸೂರಿನಲ್ಲಿ ಓದುವಾಗ.

ಅರಳೀಕಟ್ಟೆ:
ನೋಟಿಸ್ ಕೊಟ್ಟ ಮೇಲೆ ಮನೆಯವರನ್ನ ಒಪ್ಪಿಸೋಕೆ ಸ್ವಲ್ಪ ಹೆಚ್ಚು ಹೊತ್ತು ಹಿಡಿದ್ರೆ? ಎಷ್ಟು ದಿನ ಕಾಯಬಹುದು?

ನೋಂದಣಿಕಟ್ಟೆ:
ನೋಟಿಸ್ ಕೊಟ್ಟ ದಿನದಿಂದ 3 ತಿಂಗಳು. ಮೊದಲ 30 ದಿನ ಕಾಯುವುದರಲ್ಲೇ ಹೋಗುತ್ತದೆ, ಹಾಗಾಗಿ ಕೈಯಲ್ಲಿ ಉಳಿಯುವುದು ಸುಮಾರು ಎರಡು ತಿಂಗಳು. ಅದು ದಾಟಿದರೆ ಹಳೆಯ ನೋಟಿಸ್ ರದ್ದು, ಹೊಸದಾಗಿ ಕೊಟ್ಟು ಮತ್ತೆ 30 ದಿನ ಕಾಯಬೇಕು.

ಬೆಣ್ಣೆದೋಸೆ:
ನೇಮಕಾತಿ_ನೋಟ ಅವರೇ, ನೀವು ಹೇಳಿದ ಐದಾರು ಸಾಲಿನ ಮೆಸೇಜ್ ಒಂದನ್ನ ಮಾದರಿಯಾಗಿ ಇಲ್ಲೇ ಬರೆದು ತೋರಿಸ್ತೀರಾ? ತುಂಬಾ ಜನ ಸಿಕ್ಕಿಹಾಕಿಕೊಳ್ಳೋದು ಮೊದಲ ಸಾಲಲ್ಲೇ.

ನೇಮಕಾತಿ_ನೋಟ:
"ನಮಸ್ಕಾರ. ಭಾನುವಾರ ಜಯನಗರದ ಓದು ಬಳಗದಲ್ಲಿ ನಿಮ್ಮ ಹತ್ತಿರ ಡೇಟಾ ಕೆಲಸದ ಬಗ್ಗೆ ಮಾತಾಡಿದ್ದೆ. ನೀವು ಹೇಳಿದ ಹಾಗೆ ಬಿಎಂಟಿಸಿ ಮಾರ್ಗಗಳ ಮಾಹಿತಿ ತೆಗೆದು ಒಂದು ಚಿಕ್ಕ ಡ್ಯಾಶ್‌ಬೋರ್ಡ್ ಮಾಡಿದೆ, ಕೊಂಡಿ ಕೆಳಗಿದೆ. ಸಮಯದ ಕಾಲಮ್ಮಿನಲ್ಲಿ ಅರ್ಧ ಸಾಲು ಖಾಲಿ ಬರ್ತಿದೆ. ಇಂಥದ್ದನ್ನ ನಿಮ್ಮ ಕಡೆ ಅಳಿಸ್ತಾರಾ, ತುಂಬಿಸ್ತಾರಾ? ಈ ವಾರ 15 ನಿಮಿಷ ಬಿಡುವಿದ್ದರೆ ಫೋನ್ ಮಾಡ್ತೀನಿ, ಇಲ್ಲದಿದ್ರೆ ಒಂದು ಸಾಲು ಬರೆದ್ರೂ ಸಾಕು."

ಕೆಲಸ ಬೇಕು ಅನ್ನೋ ಮಾತು ಇದರಲ್ಲಿ ಎಲ್ಲೂ ಇಲ್ಲ ನೋಡಿ. ಅದನ್ನ ಫೋನಿನ ಕೊನೆಗೆ ಕೇಳಿ.